ಹಿಂಬಡ ಬ್ಯಾನಿಯ ಸಾಮಾನು: ಕಲಬುರಗಿ ಅಂಗಡಿಗಳಲ್ಲಿ ಸಿಗುವುದರಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಯಾವ ಚಪ್ಪಲಿ ಅಂಗಡಿಗೆ ಹೋಗಿ "ಹಿಂಬಡ ಬ್ಯಾನಿ ಅದ" ಎಂದರೂ ಗಲ್ಲೆಯ ಮೇಲೆ ಸಾಮಾನು ಬಂದು ಬೀಳುತ್ತದೆ. ಎಂಸಿಆರ್ ಚಪ್ಪಲಿ, ಗುಳ್ಳೆ ಗುಳ್ಳೆಯ ಆಕ್ಯುಪ್ರೆಶರ್ ಚಪ್ಪಲಿ. ಔಷಧ ಅಂಗಡಿಗೆ ಹೋದರೆ ಸಿಲಿಕಾನ್ ಹೀಲ್ ಕಪ್, ನೈಟ್ ಸ್ಪ್ಲಿಂಟ್. ಆಟದ ಸಾಮಾನಿನ ಅಂಗಡಿಯಲ್ಲಿ ರಬ್ಬರ್ ಬ್ಯಾಂಡ್. ಇವುಗಳ ಜೊತೆಗೆ ಫಿಸಿಯೋಥೆರಪಿ ಕ್ಲಿನಿಕ್‌ಗಳ ಹತ್ತು ದಿನದ 'ಪ್ಯಾಕೇಜ್' ಬೇರೆ. ಒಂದೊಂದನ್ನೂ ಎತ್ತಿ ನೋಡೋಣ. ಕಂಪನಿಯ ಹೆಸರಿಗಿಂತ ಸಾಮಾನಿನ ಗುಣವನ್ನು ಗುರುತಿಸುವುದು ಮುಖ್ಯ, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ಹೆಸರಿಲ್ಲದ ಮಾಲೇ.

ಮೊದಲು ನೋವಿನ ಬಗ್ಗೆ ನಾಲ್ಕು ಮಾತು, ಇಲ್ಲದಿದ್ದರೆ ಅಂಗಡಿಯವನ ಮಾತೇ ಕೊನೆಯ ಮಾತಾಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಂಬಡದ ಒಳಬದಿಯಲ್ಲಿ ಮೊಳೆ ಚುಚ್ಚಿದಂತಾಗಿ, ಹತ್ತು ಹೆಜ್ಜೆ ನಡೆದ ಮೇಲೆ ಸಡಿಲಾಗಿ, ಸಂಜೆಗೆ ಮತ್ತೆ ಏರುವ ನೋವು ಸಾಮಾನ್ಯವಾಗಿ ಅಂಗಾಲಿನ ಪಟ್ಟಿಯದು. ವೈದ್ಯರು ಇದನ್ನು ಪ್ಲಾಂಟರ್ ಫೇಶಿಯಾ ಎನ್ನುತ್ತಾರೆ. ಈ ಪಟ್ಟಿ ಹಿಂಬಡದ ಎಲುಬಿನಿಂದ ಹೊರಟು ಬೆರಳುಗಳ ಬುಡಕ್ಕೆ ಸೇರುತ್ತದೆ. ಹೆಬ್ಬೆರಳು ಮೇಲೆದ್ದಾಗ ಅದು ರಾಟೆಗೆ ಸುತ್ತಿದ ಹಗ್ಗದಂತೆ ಬಿಗಿದು ಪಾದದ ಕಮಾನನ್ನು ಎತ್ತುತ್ತದೆ. 1954ರಲ್ಲಿ ಹಿಕ್ಸ್ ಎಂಬ ಸಂಶೋಧಕ ಇದನ್ನು ವಿವರಿಸಿದ. ಕೆಳಗೆ ಹೇಳುವ ವ್ಯಾಯಾಮದಲ್ಲಿ ಟಾವೆಲ್ ಯಾಕೆ ಬೇಕು ಎಂಬುದಕ್ಕೆ ಉತ್ತರ ಈ ರಾಟೆಯಲ್ಲೇ ಇದೆ.

"ಎಲುಬು ಬೆಳೆದದ" ಎಂದು ಎಕ್ಸ್‌ರೇ ತೋರಿಸಿ ಹೆದರಿಸುವವರಿದ್ದಾರೆ. ಆ ಮುಳ್ಳಿನಂಥ ಎಲುಬು ನೋವೇ ಇಲ್ಲದ ಎಷ್ಟೋ ಕಾಲುಗಳಲ್ಲಿಯೂ ಇರುತ್ತದೆ, ಮತ್ತು ನೋವು ಹೋದ ಮೇಲೂ ಅಲ್ಲೇ ಉಳಿಯುತ್ತದೆ. ವೈದ್ಯರು ಇದಕ್ಕಿಟ್ಟ 'ಪ್ಲಾಂಟರ್ ಫೇಶಿಯೈಟಿಸ್' ಎಂಬ ಹೆಸರಿನಲ್ಲಿ ಬಾವನ್ನು ಸೂಚಿಸುವ 'ಐಟಿಸ್' ಇದ್ದರೂ ಇದು ಬರೀ ಬಾವಿನ ರೋಗವೂ ಅಲ್ಲ. 2003ರಲ್ಲಿ ಲೆಮಾಂಟ್ ತಂಡ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ತುಣುಕುಗಳನ್ನು ನೋಡಿದಾಗ ಕಂಡದ್ದು ಸವೆದು ಹೆಣಿಗೆ ಕೆಟ್ಟ ಅಂಗಾಂಶ, ಉರಿಯೂತವಲ್ಲ. ನೋವಿನ ಮಾತ್ರೆ ಮುಗಿದ ಮರುದಿನವೇ ನೋವು ಹಾಜರಾಗುವುದಕ್ಕೆ ಇದೂ ಒಂದು ಕಾರಣ.

ಸಿಲಿಕಾನ್ ಹೀಲ್ ಕಪ್. ಜೋಡಿಗೆ ಸುಮಾರು 150ರಿಂದ 500 ರೂಪಾಯಿ. ಇದನ್ನು ಕೀಳಾಗಿ ನೋಡುವ ವ್ಯಾಯಾಮಪ್ರಿಯರಿದ್ದಾರೆ, ಅದು ಸರಿಯಲ್ಲ. ಹಿಂಬಡದ ಕೆಳಗಿನ ಕೊಬ್ಬಿನ ದಿಂಬು ಆಚೀಚೆ ಹರಡದಂತೆ ಬಟ್ಟಲಿನ ಅಂಚು ಹಿಡಿದಿಡುತ್ತದೆ, ನಡಿಗೆಯ ಏಟು ಕಡಿಮೆಯಾಗುತ್ತದೆ. ಹಾಗಾಗಿ ಚಪ್ಪಟೆ ಹಾಳೆಯಂಥದ್ದು ಬೇಡ, ಅಂಚು ಎದ್ದಿರುವ ಬಟ್ಟಲೇ ಬೇಕು. ಹೆಬ್ಬೆರಳಿನಿಂದ ಜೋರಾಗಿ ಐದು ಎಣಿಸುವವರೆಗೆ ಒತ್ತಿ ನೋಡಿ. ಕೆಳಗಿನ ಗಲ್ಲೆ ಬೆರಳಿಗೆ ತಾಗಿದಂತಾದರೆ ನಿಮ್ಮ ಮೈಭಾರಕ್ಕೆ ಅದು ಕಾಗದವಾಗಿ ಬಿಡುತ್ತದೆ. ನೋವು ಒಂದೇ ಕಾಲಿಗಿದ್ದರೂ ಎರಡೂ ಶೂಗಳಿಗೆ ಹಾಕಬೇಕು; ಒಂದಕ್ಕೇ ಹಾಕಿದರೆ ಕಾಲುಗಳ ಎತ್ತರ ಏರುಪೇರಾಗಿ ಸೊಂಟ ತಕರಾರು ತೆಗೆಯುತ್ತದೆ. ಹಿಂಬಡ ಮೇಲೇರಿದಷ್ಟೂ ಶೂನ ಹಿಂಗೋಡೆ ಗಿಡ್ಡವಾಗುವುದರಿಂದ ಕಾಲು ಜಾರುತ್ತದೆ, ಲೇಸ್ ಇರುವ ಶೂ ಆದರೆ ತೊಂದರೆಯಿಲ್ಲ. ಸಿಲಿಕಾನ್ ಧೂಳನ್ನು ಹಿಡಿಯುತ್ತದೆ, ವಾರಕ್ಕೆರಡು ಸಲ ಸೋಪಿನ ನೀರಿನಲ್ಲಿ ತೊಳೆದರೆ ಮತ್ತೆ ಅಂಟುತ್ತದೆ.

ಆದರೆ ನಮ್ಮ ಊರಿಗೆ ಇದರ ದೊಡ್ಡ ಕೊರತೆ ಬೇರೆಯೇ: ಇದು ಶೂನ ಸಾಮಾನು. ಹಿಂಬಡ ನೋವೆಂದು ಬರುವ ಹೆಣ್ಣುಮಕ್ಕಳಲ್ಲಿ ಶೂ ಹಾಕುವವರು ಎಷ್ಟು ಮಂದಿ? ಚಪ್ಪಲಿಯಲ್ಲಿ ಹೀಲ್ ಕಪ್ ಮೂರು ಹೆಜ್ಜೆಗೆ ಪಕ್ಕಕ್ಕೆ ಸರಿಯುತ್ತದೆ. ಇನ್ನು ಮನೆಯೊಳಗೆ ಎಲ್ಲರೂ ಬರಿಗಾಲು. ಬೆಳಿಗ್ಗೆ ಐದಕ್ಕೆ ಎದ್ದು ಶಹಾಬಾದ್ ಫರ್ಸಿಯ ಮೇಲೆ ಬರಿಗಾಲಲ್ಲಿ ನಿಂತು ಕಸ, ಚಹಾ, ರೊಟ್ಟಿ ಎಲ್ಲ ಮುಗಿಸಿ, ಹತ್ತಕ್ಕೆ ಆಫೀಸಿಗೆ ಹೊರಡುವಾಗ ದುಬಾರಿ ಮೆತ್ತೆ ಹಾಕಿಕೊಂಡರೆ, ಐದು ತಾಸಿನ ಏಟಿಗೆ ಅರ್ಧ ತಾಸಿನ ಆರೈಕೆ ಆಯಿತು. ಫರ್ಸಿ ಕಲ್ಲು ಬೇಸಿಗೆಯಲ್ಲಿ ತಂಪು, ಒರೆಸಲು ಸಲೀಸು, ಆದರೆ ಒಂದು ಕೂದಲಷ್ಟೂ ಮಣಿಯುವುದಿಲ್ಲ. ಈ ಭಾಗದಲ್ಲಿ ಹಿಂಬಡ ನೋವಿನ ಮೊದಲ ಔಷಧ ಮನೆಯೊಳಗಿನ ಒಂದು ಜೋಡಿ ಚಪ್ಪಲಿ. ದೇವರ ಮನೆ ಬಿಟ್ಟು ಉಳಿದ ಕಡೆಗೆಲ್ಲ ಅದು, ಹೊರಗಿಗೆ ಬೇರೆ. ಅತ್ತೆಯವರ ಗೊಣಗಾಟಕ್ಕೆ ಡಾಕ್ಟರ ಚೀಟಿಯಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಹೀಗಾಗಿ ಎಂಸಿಆರ್ ಚಪ್ಪಲಿಗೆ ನಮ್ಮ ಅಂಕ ಹೆಚ್ಚು, ನಿಜವಾದ ಎಂಸಿಆರ್ ಆಗಿದ್ದರೆ ಮಾತ್ರ. ಎಂಸಿಆರ್ ಎಂದರೆ ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿದ ರಬ್ಬರ್. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗೆ ಹುಣ್ಣಾಗದಿರಲೆಂದು ನಮ್ಮ ದೇಶದ ಆಸ್ಪತ್ರೆಗಳು ದಶಕಗಳಿಂದ ಬಳಸಿದ ವಸ್ತು. ಸಕ್ಕರೆ ಕಾಯಿಲೆಯವರಿಗೂ ಅದೇ ಬಂತು. ಪಾದಕ್ಕೆ ತಾಗುವ ಪದರದ ಗಡಸುತನ ಶೋರ್ ಎ ಅಳತೆಯಲ್ಲಿ ಸುಮಾರು 15 ಇರಬೇಕು, ಅಂದರೆ ಮೆತ್ತಗಿರಬೇಕು, ಕೆಳಗೆ ಗಟ್ಟಿ ರಬ್ಬರಿನ ಅಟ್ಟೆ ಇರಬೇಕು. ಪೇಟೆಯಲ್ಲಿ 300ರಿಂದ 1000 ರೂಪಾಯಿಯ ತನಕ 'ಎಂಸಿಆರ್' ಎಂದು ಅಚ್ಚು ಹೊಡೆದ ಜೋಡಿಗಳಲ್ಲಿ ಎಷ್ಟೋ ಬರೀ ಇವಿಎ, ಅಂದರೆ ಹಗುರ ಪ್ಲಾಸ್ಟಿಕ್ ಫೋಮ್.

"ಯಕ್ಕಾ, ಇದು ಡಾಕ್ಟರ್ ಚಪ್ಪಲ್, ತಿಂಗಳದಾಗ ಬ್ಯಾನಿ ಹೋಗ್ತದ" ಎನ್ನುವ ಅಂಗಡಿಯವನಿಗೂ ವ್ಯತ್ಯಾಸ ಗೊತ್ತಿರಲಿಕ್ಕಿಲ್ಲ. ಕೈಯಲ್ಲಿ ಎತ್ತಿ ನೋಡಿ. ಇವಿಎ ಹೂವಿನಂತೆ ಹಗುರ, ರಬ್ಬರಿಗೆ ಒಂದು ತೂಕವಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಎಂಸಿಆರ್ ಪದರ ಸುಮಾರು ಅರ್ಧದಷ್ಟು ತಗ್ಗಿ ಬಿಟ್ಟ ಕೂಡಲೇ ಮೇಲೇಳಬೇಕು. ಉಗುರಿನ ಗುರುತು ಹಾಗೇ ಉಳಿದರೆ ಅದು ಫೋಮ್, ಎರಡು ತಿಂಗಳಲ್ಲಿ ಹಿಂಬಡದ ಜಾಗದಲ್ಲಿ ತಟ್ಟೆಯಂಥ ತಗ್ಗು ಬೀಳುತ್ತದೆ. ಇನ್ನೊಂದು, ಇವಿಎ ಬಿಸಿಲಿಗೆ ಕುಗ್ಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಪಾರಾ 42 ದಾಟುವ ಊರಿನಲ್ಲಿ ಅಂಗಳದ ಕಲ್ಲಿನ ಮೇಲೆ ಮಧ್ಯಾಹ್ನವಿಡೀ ಬಿಟ್ಟ ಫೋಮ್ ಚಪ್ಪಲಿ ಸಂಜೆಗೆ ಅಂಚು ಮುದುಡಿಕೊಂಡು ಒಂದು ಸೈಜ್ ಸಣ್ಣದಾಗಿರುತ್ತದೆ. ಅಂಟಿನ ಪದರ ಬಿಡುವುದೂ ಅದೇ ಬಿಸಿಲಿಗೆ. ಎಂಸಿಆರ್ ಕೂಡ ನೆರಳಿನಲ್ಲೇ ಇರಲಿ.

ಕೊಳ್ಳುವುದು ಸಂಜೆ, ಕಾಲು ತುಸು ಊದಿರುವ ಹೊತ್ತಿಗೆ. ಹಿಂದೆ ಪಟ್ಟಿ ಇರುವುದನ್ನೇ ಆರಿಸಿ. ಪಟ್ಟಿಯಿಲ್ಲದ ಚಪ್ಪಲಿಯನ್ನು ಉಳಿಸಿಕೊಳ್ಳಲು ಪ್ರತಿ ಹೆಜ್ಜೆಗೂ ಬೆರಳುಗಳು ಕೊಕ್ಕೆ ಹಾಕಿ ಹಿಡಿಯುತ್ತವೆ, ಅಂಗಾಲಿಗೆ ಅದೇ ಒಂದು ದುಡಿಮೆ. ಹಿಂಬಡದ ಕಡೆ ಮುಂಭಾಗಕ್ಕಿಂತ ಒಂದು ಸೆಂಟಿಮೀಟರ್‌ನಷ್ಟು ಎತ್ತರವಿದ್ದರೆ ಮೀನಖಂಡದ ಎಳೆತ ಕಡಿಮೆಯಾಗಿ ಆರಾಮ ಸಿಗುತ್ತದೆ. ಚಪ್ಪಲಿಯನ್ನು ಎರಡು ತುದಿ ಹಿಡಿದು ಬಗ್ಗಿಸಿದರೆ ಬೆರಳ ಬುಡದಲ್ಲಿ ಮಣಿಯಬೇಕು, ನಡುವೆ ಮಡಚಬಾರದು. ಬಟ್ಟೆ ಹಿಂಡಿದಂತೆ ತಿರುವಿದರೆ ಸುಲಭಕ್ಕೆ ಸುತ್ತಿಕೊಳ್ಳುವುದೂ ಬೇಡ.

ಗುಳ್ಳೆ ಚಪ್ಪಲಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಬೇಡ. ನೋಯುವ ಜಾಗಕ್ಕೆ ಪ್ಲಾಸ್ಟಿಕ್ ಮೊನೆ ಚುಚ್ಚಿದರೆ ಕೆಲವು ನಿಮಿಷ ಆ ನೋವು ಈ ನೋವನ್ನು ಮರೆಸುತ್ತದೆ, ಅಷ್ಟೇ. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೆ ಇದು ಹುಣ್ಣಿನ ಆಹ್ವಾನ. ಜಾತ್ರೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅಪ್ಪ ಅವ್ವನಿಗೆ ತಂದುಕೊಡುವ ಮಕ್ಕಳು ದಯವಿಟ್ಟು ಓದಿಕೊಳ್ಳಿ.

ಇನ್ನು ಬಲದ ವ್ಯಾಯಾಮ. ಇದಕ್ಕೆ ಬೇಕಾದ ಸಾಮಾನು ಒಂದು ಮೆಟ್ಟಿಲು, ಒಂದು ಟಾವೆಲ್, ಒಂದು ಬೆನ್ನಚೀಲ, ಸ್ವಲ್ಪ ಜೋಳ. 2015ರಲ್ಲಿ ಡೆನ್ಮಾರ್ಕ್‌ನ ರಾಥ್ಲೆಫ್ ಮತ್ತು ಸಂಗಡಿಗರು 48 ರೋಗಿಗಳ ಮೇಲೆ ಮಾಡಿದ ಪ್ರಯೋಗದಿಂದ ಇದು ಜನಪ್ರಿಯವಾಯಿತು. ಎಲ್ಲರಿಗೂ ಶೂ ಮೆತ್ತೆ ಕೊಟ್ಟು, ಅರ್ಧ ಜನಕ್ಕೆ ಅಂಗಾಲು ಎಳೆಯುವ ವ್ಯಾಯಾಮ, ಇನ್ನರ್ಧಕ್ಕೆ ಭಾರ ಹೊತ್ತು ಹಿಂಬಡ ಎತ್ತುವ ವ್ಯಾಯಾಮ ಹೇಳಿದರು. ಮೂರು ತಿಂಗಳಿಗೆ ಭಾರದ ಗುಂಪು ಸ್ಪಷ್ಟವಾಗಿ ಮುಂದಿತ್ತು, ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪು ಸರಿಸಮ. 2023ರಲ್ಲಿ ಅದೇ ದೇಶದಿಂದ ಬಂದ 180 ಮಂದಿಯ ಇನ್ನೊಂದು ಪ್ರಯೋಗ ಉತ್ಸಾಹಕ್ಕೆ ತುಸು ನೀರೆರಚಿತು. ಸರಿಯಾದ ಸಲಹೆ ಮತ್ತು ಹೀಲ್ ಕಪ್ ಮಾತ್ರ ಪಡೆದವರಿಗಿಂತ, ಅದರ ಮೇಲೆ ಭಾರದ ವ್ಯಾಯಾಮವನ್ನೂ ಮಾಡಿದವರು 12 ವಾರಕ್ಕೆ ಹೇಳಿಕೊಳ್ಳುವಷ್ಟು ಮುಂದೆ ಹೋಗಲಿಲ್ಲ. ಆದ್ದರಿಂದ 'ಬಲದ ವ್ಯಾಯಾಮ ಮಾಡಿದರೆ ನೋವು ಮಾಯ' ಎಂದು ಮಾರುವವರನ್ನೂ ನಂಬಬೇಡಿ. ಆದರೂ ನಾವು ಇದನ್ನು ಹೇಳುತ್ತೇವೆ. ದಿನಕ್ಕೆ ಎಂಟು ಹತ್ತು ತಾಸು ನಿಂತೇ ದುಡಿಯುವ ಕಾಲಿಗೆ ನೋವು ಕಡಿಮೆಯಾದ ಮೇಲೆಯೂ ಮೀನಖಂಡದ ಕಸುವು ಬೇಕು. ಖರ್ಚೂ ಇಲ್ಲ.

ಮಾಡುವ ಕ್ರಮ ಹೀಗೆ. ಟಾವೆಲನ್ನು ಬಿಗಿಯಾಗಿ ಸುತ್ತಿ ಮೆಟ್ಟಿಲಿನ ಅಂಚಿಗೆ ಇಡಿ. ಬೆರಳುಗಳು ಮಾತ್ರ ಸುರುಳಿಯ ಮೇಲೆ, ಬೆರಳ ಬುಡ ಮೆಟ್ಟಿಲಿನ ಮೇಲೆ, ಹಿಂಬಡ ಗಾಳಿಯಲ್ಲಿ. ಹೆಬ್ಬೆರಳು ಎಷ್ಟು ಮೇಲಕ್ಕೆ ಮಣಿಯುತ್ತದೋ ಅಷ್ಟು ಎತ್ತರದ ಸುರುಳಿ ಇರಲಿ, ಆಗಲೇ ರಾಟೆಯ ಹಗ್ಗ ಬಿಗಿಯುವುದು. ಗೋಡೆ ಹಿಡಿದು ನೋಯುವ ಕಾಲೊಂದರ ಮೇಲೇ ನಿಂತು, ಮೂರು ಸೆಕೆಂಡಿನಲ್ಲಿ ಮೇಲೆ, ತುದಿಯಲ್ಲಿ ಎರಡು ಸೆಕೆಂಡು ನಿಲುಗಡೆ, ಮೂರು ಸೆಕೆಂಡಿನಲ್ಲಿ ಕೆಳಗೆ. ಒಂದು ದಿನ ಬಿಟ್ಟು ಒಂದು ದಿನ. ಮೊದಲ ಎರಡು ವಾರ 12 ಸಲದ 3 ಸುತ್ತು. ಹನ್ನೆರಡನೆಯದು ನಿಜಕ್ಕೂ ಕೊನೆಯದಾಗಬೇಕು, ಹದಿಮೂರನೆಯದು ಎತ್ತಲಾಗಬಾರದು. ಸುಲಭವಾದರೆ ಬೆನ್ನಚೀಲಕ್ಕೆ ಎರಡು ಕಿಲೋ ಜೋಳದ ಪೊಟ್ಟಣ ಸೇರಿಸಿ. ಎರಡು ವಾರದ ಬಳಿಕ ಭಾರ ಏರಿಸಿ 10 ಸಲದ 4 ಸುತ್ತು, ನಾಲ್ಕು ವಾರದ ಬಳಿಕ ಇನ್ನೂ ಏರಿಸಿ 8 ಸಲದ 5 ಸುತ್ತು. ಒಂದೇ ಕಾಲಿನಲ್ಲಿ ಎತ್ತಲಾಗದವರು ಎರಡೂ ಕಾಲಿನಿಂದ ಶುರು ಮಾಡಿ, ಬಲ ಬಂದ ಮೇಲೆ ಒಂದಕ್ಕೆ ಇಳಿಯಿರಿ.

ಇದರಲ್ಲಿ ಕೆಡುವುದು ಎಲ್ಲಿ? ಮೊದಲನೆಯದು ಅವಸರ. ಪುಟಿಯುತ್ತ ಮಾಡಿದರೆ ಕೆಲಸವನ್ನೆಲ್ಲ ಮೀನಖಂಡವನ್ನು ಹಿಂಬಡಕ್ಕೆ ಕಟ್ಟುವ ಹುರಿ, ಅಂದರೆ ಅಕಿಲಿಸ್, ಸ್ಪ್ರಿಂಗಿನಂತೆ ಮಾಡಿಬಿಡುತ್ತದೆ, ಸ್ನಾಯುವಿಗೆ ಏನೂ ಉಳಿಯುವುದಿಲ್ಲ. ಮೇಲೇರುವಾಗ ಹರಡು ಹೊರಗೆ ವಾಲಿ ಭಾರ ಕಿರುಬೆರಳಿಗೆ ಹೋಗುವುದೂ ಸಾಮಾನ್ಯ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಬುಡದಲ್ಲಿ ಭಾರ ಇರಲಿ. ಮೊಣಕಾಲು ಮಡಚಿ ಕಳ್ಳತನ ಮಾಡುವುದು ಮತ್ತೊಂದು. ದಿನಾ ಮಾಡಿದರೆ ಬೇಗ ಗುಣ ಎಂದುಕೊಂಡು ಬಿಡುವಿಲ್ಲದೆ ಮಾಡಿ ನೋವು ಹೆಚ್ಚಿಸಿಕೊಳ್ಳುವವರು ಬಹಳ. ಹತ್ತಕ್ಕೆ ನಾಲ್ಕರಷ್ಟು ನೋವು ವ್ಯಾಯಾಮದ ವೇಳೆ ಬಂದರೂ ಚಿಂತೆಯಿಲ್ಲ, ಆದರೆ ಮರುದಿನ ಬೆಳಗಿನ ಮೊದಲ ಹೆಜ್ಜೆ ಹಿಂದಿನ ದಿನಕ್ಕಿಂತ ಹೆಚ್ಚು ಚುಚ್ಚಿದರೆ ಭಾರ ಇಳಿಸಬೇಕು. ಮತ್ತೆ ನಮ್ಮ ಕಡೆಯ ಮೆಟ್ಟಿಲುಗಳ ಸಮಸ್ಯೆ: ಪಾಲಿಶ್ ಮಾಡಿದ ಫರ್ಸಿಯ ಮೇಲೆ ಸಾಕ್ಸ್ ಹಾಕಿಕೊಂಡೋ ಒದ್ದೆಗಾಲಲ್ಲೋ ನಿಲ್ಲಬೇಡಿ, ಜಾರಿದರೆ ಹಲ್ಲು ಹೋಗುತ್ತದೆ. ಕೆಳಗಿನ ಒಂದನೇ ಮೆಟ್ಟಿಲೇ ಸಾಕು.

ಬದಲಾವಣೆ ಗೊತ್ತಾಗಲು ಆರರಿಂದ ಹನ್ನೆರಡು ವಾರ ಬೇಕು. ನಾಲ್ಕನೇ ವಾರಕ್ಕೆ ಬೇಸತ್ತು ಬಿಟ್ಟವರೇ ಆಮೇಲೆ ಇಂಜೆಕ್ಷನ್ ಕೇಳಿಕೊಂಡು ಹೋಗುವುದು. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರಗಳ ಸುಖ ಕೊಡುತ್ತದೆ, ಪದೇ ಪದೇ ಹಾಕಿಸಿದರೆ ಅಂಗಾಲಿನ ಪಟ್ಟಿ ಹರಿಯುವ, ಹಿಂಬಡದ ಕೊಬ್ಬು ಕರಗುವ ಅಪಾಯವಿದೆ.

ಮೊದಲ ವಾರಗಳ ನೋವಿಗೆ ಎಳೆತದ ವ್ಯಾಯಾಮವನ್ನೂ ಸೇರಿಸಿಕೊಳ್ಳಿ. ಹಾಸಿಗೆಯಿಂದ ಕಾಲು ಇಳಿಸುವ ಮೊದಲೇ ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸಿ, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಇನ್ನೊಂದು ಕೈಯ ಬೆರಳಿನಿಂದ ಅಂಗಾಲು ಮುಟ್ಟಿದರೆ ತಂತಿಯಂತೆ ಬಿಗಿದಿರಬೇಕು. ಬಿಗಿದಿಲ್ಲವೆಂದರೆ ನೀವು ಎಳೆಯುತ್ತಿರುವುದು ಬರೀ ಬೆರಳನ್ನು.

ರಬ್ಬರ್ ಬ್ಯಾಂಡ್ ಕೊಳ್ಳುವುದಾದರೆ ಸಣ್ಣ ಬಳೆಯಂಥದ್ದು ಬೇಡ, ಒಂದೂವರೆಯಿಂದ ಎರಡು ಮೀಟರ್ ಉದ್ದದ ಪಟ್ಟಿ ತನ್ನಿ. ಒಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದನ್ನು ಪಾದಕ್ಕೆ ಸುತ್ತಿ, ಪಾದವನ್ನು ಒಳಮುಖವಾಗಿ ನಿಧಾನಕ್ಕೆ ತಿರುಗಿಸುವುದು ಚಪ್ಪಟೆ ಪಾದದವರಿಗೆ ಒಳ್ಳೆಯದು, 12 ಸಲದ 3 ಸುತ್ತು. ತಿರುಗಬೇಕಾದ್ದು ಪಾದ, ಮೊಣಕಾಲು ತಿರುಗಿದರೆ ತೊಡೆ ಕೆಲಸ ಮಾಡುತ್ತಿದೆ ಎಂದರ್ಥ. ಬಣ್ಣದ ಲೆಕ್ಕ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಎಳೆದು ನೋಡಿಯೇ ಕೊಳ್ಳಿ. ಲ್ಯಾಟೆಕ್ಸ್ ಬಿಸಿಲಿಗೆ ಬಿರಿಯುತ್ತದೆ. ಕಿಟಕಿಗೆ ನೇತುಹಾಕಿದ ಬ್ಯಾಂಡ್ ಒಂದು ಬೇಸಿಗೆ ಬಾಳುವುದಿಲ್ಲ, ಹರಿದು ಮುಖಕ್ಕೆ ಹೊಡೆದರೆ ಕಣ್ಣಿಗೆ ಅಪಾಯ.

ಈಗ ಸೇವೆಯ ವಿಮರ್ಶೆ. ಪಾದಕ್ಕೆಂದೇ ಇರುವ ಪೋಡಿಯಾಟ್ರಿ ನಮ್ಮಲ್ಲಿ ಇನ್ನೂ ಅಪರೂಪದ ಕಸುಬು. ಹಿಂಬಡ ನೋವಿನವರು ಸಾಮಾನ್ಯವಾಗಿ ಹೋಗುವುದು ಎಲುಬಿನ ಡಾಕ್ಟರ ಬಳಿ, ಅಲ್ಲಿಂದ ಫಿಸಿಯೋ ಬಳಿ. 'ಹೋಲಿಸ್ಟಿಕ್' ಎಂಬ ಬೋರ್ಡ್ ಕಂಡರೆ ಒಳಗೆ ಏನಿದೆ ಎಂದು ಕೇಳಿ. ಸಮಗ್ರ ಎಂದರೆ ಮೈತೂಕ, ನಿದ್ದೆ, ದಿನಕ್ಕೆ ಎಷ್ಟು ತಾಸು ನಿಲ್ಲುತ್ತೀರಿ, ಯಾವ ನೆಲ, ಯಾವ ಚಪ್ಪಲಿ, ಸಕ್ಕರೆ ಎಷ್ಟಿದೆ, ಇತ್ತೀಚೆಗೆ ನಡಿಗೆ ಒಮ್ಮೆಲೇ ಹೆಚ್ಚಾಯಿತೇ ಎಂದೆಲ್ಲ ವಿಚಾರಿಸುವುದು. ಶೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ಬರಿಗಾಲಲ್ಲಿ ನಡೆದು ಬಂದವರು ಅದನ್ನು ತಾವಾಗಿ ಹೇಳುವುದಿಲ್ಲ, ಕೇಳಿದರೆ ಮಾತ್ರ ಹೊರಬೀಳುತ್ತದೆ. ಎಣ್ಣೆ, ಉಗಿ, ಕಲ್ಲುಪ್ಪಿನ ಬಿಸಿನೀರು ಇವೆಲ್ಲ ಹಿತವೇ, ಆದರೆ ಅವುಗಳನ್ನೇ ಸಮಗ್ರ ಎಂದು ಕರೆದು ಬಿಲ್ ಮಾಡಿದರೆ ಒಪ್ಪಲಾಗದು.

ಒಳ್ಳೆಯ ಫಿಸಿಯೋ ಮೊದಲ ಭೇಟಿಯಲ್ಲಿ ಕಾಲನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಹಿಂಬಡದ ಒಳಬದಿ ಒತ್ತುತ್ತಾರೆ, ಹೆಬ್ಬೆರಳು ಎತ್ತಿ ನೋವು ಬರುತ್ತದೆಯೇ ನೋಡುತ್ತಾರೆ. ಹಿಂಬಡದ ಎಲುಬನ್ನು ಎರಡೂ ಪಕ್ಕದಿಂದ ಅದುಮುತ್ತಾರೆ. ಅಲ್ಲಿ ಚೀರುವಷ್ಟು ನೋವಿದ್ದರೆ ಎಲುಬಿನ ಸಣ್ಣ ಬಿರುಕಿನ ಅನುಮಾನ, ಆಗ ಮೆಟ್ಟಿಲ ವ್ಯಾಯಾಮ ನಿಷಿದ್ಧ. ಹಿಂಬಡ ನೆಲದಿಂದ ಏಳದಂತೆ ಮೊಣಕಾಲನ್ನು ಗೋಡೆಗೆ ತಾಗಿಸಲು ಹೇಳಿ, ಹೆಬ್ಬೆರಳಿಗೂ ಗೋಡೆಗೂ ಎಷ್ಟು ಸೆಂಟಿಮೀಟರ್ ಅಂತರ ಸಾಧ್ಯ ಎಂದು ಅಳೆಯುತ್ತಾರೆ. ಹತ್ತರ ಆಸುಪಾಸು ಇದ್ದರೆ ಸರಿ, ನಾಲ್ಕೈದು ಇದ್ದರೆ ಮೀನಖಂಡ ಬಿಗಿದಿದೆ. ಒಂದೇ ಕಾಲಿನಲ್ಲಿ ಎಷ್ಟು ಸಲ ಹಿಂಬಡ ಎತ್ತಬಲ್ಲಿರಿ ಎಂದು ಎಣಿಸಿ ಬರೆದಿಡುತ್ತಾರೆ. ಉರಿ, ಜುಮುಜುಮು ಇದ್ದರೆ ನರದ ಪರೀಕ್ಷೆ. ಮೂವತ್ತರೊಳಗಿನ ಹುಡುಗನಿಗೆ ಎರಡೂ ಹಿಂಬಡ ನೋವು, ಜೊತೆಗೆ ಬೆಳಿಗ್ಗೆ ಅರ್ಧ ತಾಸಿಗೂ ಹೆಚ್ಚು ಬೆನ್ನು ಬಿಗಿತ ಇದ್ದರೆ ಅದು ಚಪ್ಪಲಿಯ ಸಮಸ್ಯೆಯಲ್ಲ, ವಾತರೋಗದ ತಜ್ಞರ ಕಡೆ ಕಳಿಸುತ್ತಾರೆ.

ಇದ್ಯಾವುದೂ ಇಲ್ಲದೆ ನೇರ ಮಂಚದ ಮೇಲೆ ಮಲಗಿಸಿ, ಜೆಲ್ ಹಚ್ಚಿ ಐದು ನಿಮಿಷ ಅಲ್ಟ್ರಾಸೌಂಡ್, ಹದಿನೈದು ನಿಮಿಷ ಕರೆಂಟು, ನಾಳೆ ಬನ್ನಿ ಎಂದರೆ ಹತ್ತನೇ ದಿನಕ್ಕೆ ಜೇಬು ಮಾತ್ರ ಹಗುರವಾಗುತ್ತದೆ. ಹಿಂಬಡ ನೋವಿಗೆ ಎಳೆತದ ವ್ಯಾಯಾಮದ ಮೇಲೆ ಅಲ್ಟ್ರಾಸೌಂಡ್ ಸೇರಿಸಬೇಡಿ ಎಂದು ಅಮೆರಿಕದ ಫಿಸಿಯೋಥೆರಪಿಸ್ಟರ 2023ರ ಮಾರ್ಗಸೂಚಿಯೇ ಹೇಳುತ್ತದೆ. 2021ರ ಬ್ರಿಟಿಷ್ ಮಾರ್ಗದರ್ಶಿ ಮೊದಲಿಗಿಡುವುದು ಮೂರನ್ನು: ಟೇಪ್ ಸುತ್ತುವುದು, ಅಂಗಾಲು ಎಳೆಯುವುದು, ರೋಗಿಗೆ ಅವರ ಬದುಕಿಗೆ ತಕ್ಕಂತೆ ತಿಳಿಹೇಳುವುದು. ನಾಲ್ಕಾರು ವಾರದಲ್ಲಿ ಗುಣ ಕಾಣದಿದ್ದರೆ ಶಾಕ್‌ವೇವ್, ಅಂದರೆ ನೋಯುವ ಜಾಗಕ್ಕೆ ಯಂತ್ರದಿಂದ ಒತ್ತಡದ ಅಲೆ ಹಾಯಿಸುವುದು, ಆಮೇಲೆ ಅಳತೆ ಕೊಟ್ಟು ಮಾಡಿಸಿದ ಇನ್‌ಸೋಲ್. ಮೊದಲ ಭೇಟಿಯಲ್ಲೇ ಸಾವಿರಾರು ರೂಪಾಯಿಯ ಇನ್‌ಸೋಲ್ ಬರೆದುಕೊಟ್ಟರೆ ಈ ಕ್ರಮ ತಲೆಕೆಳಗಾಯಿತು. ಟೇಪಿಗೆ ನಮ್ಮ ಬೇಸಿಗೆಯೇ ಶತ್ರು. ಬೆವರಿಗೆ ಮಧ್ಯಾಹ್ನದೊಳಗೆ ಸುರುಳಿಯಾಗುತ್ತದೆ, ಒಡೆದ ಹಿಂಬಡದ ಮೇಲಂತೂ ಅಂಟಿಸಲೇಬಾರದು.

ಸಕ್ಕರೆ ಕಾಯಿಲೆ ಇರುವವರಿಗೆ ಮೇಲಿನದ್ದೆಲ್ಲ ಒಂದು ಪರೀಕ್ಷೆಯ ನಂತರ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ, ಕಣ್ಣು ಮುಚ್ಚಿದ ನಿಮಗೆ ಗೊತ್ತಾಗುತ್ತದೆಯೇ ನೋಡುವ ಪರೀಕ್ಷೆ ಅದು, ಎರಡು ನಿಮಿಷದ ಕೆಲಸ. ಗೊತ್ತಾಗದಿದ್ದರೆ ಬಿಸಿನೀರು, ಐಸ್ ಬಾಟಲಿ ಉರುಳಿಸುವುದು, ಬರಿಗಾಲ ವ್ಯಾಯಾಮ ಎಲ್ಲ ಬಂದ್. ಎಂಸಿಆರ್ ಹಾಕಿಕೊಂಡೇ ಕೂತು ಮಾಡುವ ವ್ಯಾಯಾಮಗಳಿವೆ. ಮೇ ತಿಂಗಳ ಮಧ್ಯಾಹ್ನ ಗುಡಿಯ ಪ್ರದಕ್ಷಿಣೆಯ ಕಲ್ಲು ಇಂಥ ಪಾದವನ್ನು ಸುಟ್ಟರೂ ತಿಳಿಯುವುದಿಲ್ಲ, ಬೊಬ್ಬೆ ಕಾಣುವುದು ಸಂಜೆ ಕಾಲು ತೊಳೆಯುವಾಗ.

ಕೊನೆಗೆ ನೈಟ್ ಸ್ಪ್ಲಿಂಟ್. ಪಾದವನ್ನು ರಾತ್ರಿಯಿಡೀ 90 ಡಿಗ್ರಿಯಲ್ಲಿ ಹಿಡಿದಿಟ್ಟು, ಅಂಗಾಲಿನ ಪಟ್ಟಿ ಕುಗ್ಗದಂತೆ ನೋಡಿಕೊಳ್ಳುವ ಗಟ್ಟಿ ಬೂಟು. ಬೆಳಗಿನ ಮೊದಲ ಹೆಜ್ಜೆಯ ನೋವೇ ಮುಖ್ಯ ತೊಂದರೆ ಆಗಿರುವವರಿಗೆ ಒಂದರಿಂದ ಮೂರು ತಿಂಗಳು ಹಾಕಿದರೆ ಉಪಯೋಗವಿದೆ. ಸಾವಿರದ ಮೇಲೆ ಬೆಲೆ, ಫೋಮ್ ಒಳಪದರ, ಗಾಳಿಯಾಡದ ಪಟ್ಟಿಗಳು. ಮಾಳಿಗೆಯ ಮೇಲೆ ಮಲಗಿದರೂ ಸೆಖೆ ತಡೆಯದ ರಾತ್ರಿಗಳಲ್ಲಿ ಇದನ್ನು ಎರಡು ತಾಸಿಗೆ ಕಿತ್ತೆಸೆಯದವರು ಕಡಿಮೆ. ಕೊಳ್ಳಲೇಬೇಕೆಂದರೆ ದೀಪಾವಳಿ ಕಳೆದ ಮೇಲೆ ಕೊಳ್ಳಿ, ಒಳಗೆ ತೆಳು ಹತ್ತಿಯ ಸಾಕ್ಸ್ ಹಾಕಿ.